ಮೂರನೆಯ ಪ್ರತಿ

ನಮ್ಮ ಮನೆಯ ಅಟ್ಟದಲ್ಲಿ ಒಂದು ತಗಡಿನ ಟ್ರಂಕ್ ಇದೆ. ಅದರಲ್ಲಿ ಬಂಗಾರವಿಲ್ಲ, ಜಮೀನಿನ ಪತ್ರಗಳೂ ಇಲ್ಲ. ಇರುವುದೆಲ್ಲ ಬೇರೆಯವರ ಅರ್ಜಿಗಳು. ಕಾರ್ಬನ್ ಹಾಳೆ ಇಟ್ಟು ಒತ್ತಿ ಬರೆದ, ನೀಲಿ ಮಾಸಿ ನೇರಳೆಗೆ ತಿರುಗಿದ ಪ್ರತಿಗಳು. ಅಪ್ಪಯ್ಯ ಯಾರ ಅರ್ಜಿ ಬರೆದರೂ ಮೂರು ಪ್ರತಿ ತೆಗೆಯುತ್ತಿದ್ದ. ಮೊದಲನೆಯದು ಕಚೇರಿಗೆ, ಎರಡನೆಯದು ಸೀಲು ಹಾಕಿಸಿಕೊಂಡು ಅರ್ಜಿದಾರ ಇಟ್ಟುಕೊಳ್ಳುವುದಕ್ಕೆ, ಮೂರನೆಯದು ಟ್ರಂಕಿಗೆ. ಕಾರ್ಬನ್ ಹಾಳೆಯ ಖರ್ಚು ಅವನದೇ. ಹುಡುಗನಾಗಿದ್ದಾಗ ನಾನೊಮ್ಮೆ ಕೇಳಿದ್ದೆ, ಮಂದಿಯ ಕಾಗದ ನಮಗೇಕೆ ಎಂದು.

"ಮಳೆ ಸೀಮೆ ಮಾರಾಯ. ಅವರ ಮನೆ ಸೋರ್ತದೆ" ಅಂದಿದ್ದ.

ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಒಂದು ತಾಲ್ಲೂಕು ಪೇಟೆ ನಮ್ಮದು. ಅಪ್ಪಯ್ಯ ವಂಶಪಾರಂಪರ್ಯದ ಶಾನುಭೋಗ. 1963ರ ಫೆಬ್ರವರಿ 1ರಂದು ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ ಜಾರಿಗೆ ಬಂದು, ಅಜ್ಜನಿಂದ ಮೊಮ್ಮಗನಿಗೆ ಇಳಿದು ಬರುತ್ತಿದ್ದ ಶಾನುಭೋಗಿಕೆ ಒಂದೇ ದಿನದಲ್ಲಿ ಹೋಯಿತು. ಖಿರ್ದಿ ಪುಸ್ತಕಗಳನ್ನು ಒಪ್ಪಿಸಿ ಬಂದವನು ಒಂದು ತಿಂಗಳು ಜಗಲಿಯಲ್ಲಿ ಸುಮ್ಮನೆ ಕೂತನಂತೆ. ಆಮೇಲೆ ಒಂದು ಮಡಚುವ ಮೇಜು, ಒಂದು ಸ್ಟೂಲು ಹೊತ್ತುಕೊಂಡು ಹೋಗಿ ತಾಲ್ಲೂಕು ಕಚೇರಿಯ ಎದುರಿನ ರೆಂಜೆ ಮರದ ಕೆಳಗೆ ಕೂತ. ಮಳೆಗಾಲದಲ್ಲಿ ಪಕ್ಕದ ಹೋಟೆಲಿನ ಜಗಲಿ. ಕಚೇರಿಯ ಒಳಗಿನ ಭಾಷೆ ಗೊತ್ತಿದ್ದವನು ಹೊರಗೆ ಕೂತು, ಅದು ಗೊತ್ತಿಲ್ಲದವರ ಪರವಾಗಿ ಬರೆಯತೊಡಗಿದ. 1991ರವರೆಗೆ ಬರೆದ. ಅಧಿಕಾರ ಹೋಗಿ ಎಷ್ಟೋ ವರ್ಷವಾದರೂ ಜನ ಅವನನ್ನು "ಶಾನುಭೋಗ್ರೇ" ಎಂದೇ ಕರೆಯುತ್ತಿದ್ದರು.

ಶಾಲೆಯ ರಜೆಯಲ್ಲಿ ನನಗೆ ಆ ಮರದ ಕೆಳಗೇ ಕೆಲಸ. ಹಾಳೆ ಜೋಡಿಸುವುದು, ಕೋರ್ಟ್ ಫೀ ಸ್ಟಾಂಪು ತರುವುದು, ಹೆಬ್ಬೆಟ್ಟು ಒತ್ತಿದವರಿಗೆ ಶಾಯಿ ಒರೆಸಿಕೊಳ್ಳಲು ಬಟ್ಟೆ ಕೊಡುವುದು. ಅಪ್ಪಯ್ಯನಿಗೆ ಕೆಲವು ಕಟ್ಟುನಿಟ್ಟುಗಳಿದ್ದವು. ಒಂದು ಅರ್ಜಿಗೆ ಒಂದೇ ಕೋರಿಕೆ. ಎರಡು ಕೇಳಿದರೆ ಸುಲಭದ್ದಕ್ಕೆ ಉತ್ತರ ಕೊಟ್ಟು ಕಷ್ಟದ್ದನ್ನು ನುಂಗಿಬಿಡುತ್ತಾರೆ. 'ಇವರಿಗೆ' ಎಂಬಲ್ಲಿ ಹುದ್ದೆ ಬರೆಯಬೇಕು, ಹೆಸರಲ್ಲ. "ಹೆಸರು ವರ್ಗ ಆಗಿ ಹೋಗ್ತದೆ, ಕುರ್ಚಿ ಇಲ್ಲೇ ಇರ್ತದೆ" ಎನ್ನುತ್ತಿದ್ದ. ಎಲ್ಲಕ್ಕಿಂತ ಮುಖ್ಯವಾದದ್ದು: "ಅರ್ಜಿಯಲ್ಲಿ ಕಣ್ಣೀರು ಬೇಡ, ಸರ್ವೆ ನಂಬರ್ ಬೇಕು."

ಈ ಕೊನೆಯ ಮಾತು ಕ್ರೂರ ಎಂದು ನನಗೆ ಅನ್ನಿಸಿದ ಒಂದು ದಿನವಿದೆ. ಗಂಡ ತೀರಿಹೋಗಿ ಖಾತೆ ಬದಲಾವಣೆಗೆ ಬಂದಿದ್ದ ಹೆಂಗಸೊಬ್ಬಳು ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಹೇಳಿದಳು. ಮೈದುನ ಹೇಗೆ ಬೇಲಿ ಸರಿಸಿದ, ಗಂಡನಿಗೆ ಜ್ವರ ಬಂದ ರಾತ್ರಿ ಹೊಳೆ ಹೇಗೆ ಏರಿತ್ತು, ದೋಣಿಯವನು ಏಕೆ ಬರಲಿಲ್ಲ. ಅಪ್ಪಯ್ಯ ಅಷ್ಟನ್ನೂ ಕೇಳಿದ. ನಡುವೆ ಎರಡು ಸಲ ಚಾ ತರಿಸಿದ. ಆಮೇಲೆ ಹನ್ನೊಂದು ಸಾಲು ಬರೆದು ಓದಿ ಹೇಳಿದ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ಸತ್ತದ್ದು ಒಂದೇ ಸಾಲಲ್ಲಿ ಮುಗೀತಲ್ಲ ಶಾನುಭೋಗ್ರೇ" ಅಂದಳು. ಅಪ್ಪಯ್ಯ ಏನೂ ಹೇಳದೆ ಕಾಗದವನ್ನು ಅವಳ ಕಡೆ ತಿರುಗಿಸಿ, ಆ ಸಾಲು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದ. ಅವಳಿಗೆ ಓದು ಬರುತ್ತಿರಲಿಲ್ಲ. ಆದರೂ ಆ ಸಾಲಿನ ಮೇಲೆ ಕೈ ಆಡಿಸಿ ನೋಡಿ, ಆಮೇಲೆ ಹೆಬ್ಬೆಟ್ಟು ಒತ್ತಿದಳು.

ಕೇಳುವುದಕ್ಕೆ ನಮ್ಮಲ್ಲಿ ಎಷ್ಟು ಮಾತುಗಳಿವೆ ಎಂದು ತಿಳಿದದ್ದೂ ಅಲ್ಲೇ. ಬಿನ್ನಹ ಎಂದರೆ ವಿಜ್ಞಾಪನೆ ಎಂಬುದರ ತದ್ಭವ, ತಿಳಿಯಪಡಿಸುವುದು ಅಷ್ಟೆ. ಅಹವಾಲು ಅರಬ್ಬಿಯಿಂದ ಬಂದದ್ದು, ಹಾಲ್ ಎಂದರೆ ಸ್ಥಿತಿ, ಅದರ ಬಹುವಚನ. ಫಿರ್ಯಾದು ಪಾರ್ಸಿಯದು, ಅದರ ಮೂಲದಲ್ಲಿ ಇರುವುದು ಕೂಗು. ಅರ್ಜಿಯೂ ಅರಬ್ಬಿಯ ನಂಟಿನದೇ. ದೊರೆಗಳು ಬದಲಾದಂತೆಲ್ಲ ಕೇಳುವವನು ದೊರೆಯ ಭಾಷೆ ಕಲಿತಿದ್ದಾನೆ, ಕಲಿತದ್ದನ್ನು ಬಿಸಾಡದೆ ಉಳಿಸಿಕೊಂಡಿದ್ದಾನೆ. ನನ್ನ ಗಮನ ಸೆಳೆದದ್ದು ಮಾತ್ರ ಅರ್ಜಿಯ ಕಟ್ಟಕಡೆಯ ಕ್ರಿಯಾಪದ. ಟ್ರಂಕಿನ ಹಳೆಯ ಕಾಗದಗಳಲ್ಲಿ "ಮಹಾಸ್ವಾಮಿಯವರು ದಯಮಾಡಿ ಅನುಗ್ರಹಿಸಬೇಕಾಗಿ ಬೇಡಿಕೊಳ್ಳುತ್ತೇನೆ" ಎಂದಿದೆ. ಬರಬರುತ್ತಾ ಅದು "ಪ್ರಾರ್ಥಿಸುತ್ತೇನೆ" ಆಗುತ್ತದೆ. ಎಪ್ಪತ್ತರ ದಶಕದ ನಡುವಿನ ಕಾಗದಗಳಲ್ಲಿ "ಕೋರುತ್ತೇನೆ". ಅಪ್ಪಯ್ಯನ ಬೆನ್ನು ನೆಟ್ಟಗಾದ ವರ್ಷಗಳು ಅವು, ಅವನ ಅರ್ಜಿದಾರರದ್ದೂ.

ಅವನು ಅದನ್ನು ಸುಮ್ಮನೆ ಕಲಿತವನಲ್ಲ. ಹಳೆಯ ಮೈಸೂರು ಸಂಸ್ಥಾನದ ಕಥೆಗಳು ಅವನ ಬಾಯಲ್ಲಿ ನಿನ್ನೆ ನಡೆದಂತೆ ಬರುತ್ತಿದ್ದವು. 1881ರ ದಸರೆಯಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆ ಕರೆದಾಗ ಅದರಲ್ಲಿದ್ದವರು 144 ಮಂದಿ. ಅವರು ಕೇಳಬಹುದಿತ್ತು, ತೀರ್ಮಾನಿಸುವಂತಿರಲಿಲ್ಲ. "ಕೇಳೋದಕ್ಕೇ ಒಂದು ಸಭೆ ಕಟ್ಟಿದ್ರು ನೋಡು" ಎಂದು ನಗುತ್ತಿದ್ದ. ಆದರೆ 1918ರ ಮಾತು ಬಂದರೆ ನಗುತ್ತಿರಲಿಲ್ಲ. ಆ ವರ್ಷ ಬ್ರಾಹ್ಮಣೇತರ ಸಮುದಾಯಗಳ ಮುಖಂಡರು ಸರ್ಕಾರಿ ನೌಕರಿಯಲ್ಲಿ ತಮ್ಮ ಪಾಲು ಎಲ್ಲಿ ಎಂದು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಮನವಿ ಕೊಟ್ಟರು. ಮಹಾರಾಜರು ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಅದನ್ನೊಪ್ಪದ ದಿವಾನ್ ವಿಶ್ವೇಶ್ವರಯ್ಯನವರು ಹುದ್ದೆ ಬಿಟ್ಟರು. 1919ರಲ್ಲಿ ವರದಿ ಬಂತು, ಮೀಸಲಾತಿಯ ದಾರಿ ತೆರೆಯಿತು. "ಅದರಲ್ಲಿ ಯಾರೂ ಅಳಲಿಲ್ಲ. ಎಷ್ಟು ಹುದ್ದೆ, ಯಾರ ಹತ್ತಿರ ಎಷ್ಟು, ಅಷ್ಟೇ ಕೇಳಿದ್ದು" ಎನ್ನುತ್ತಿದ್ದ ಅಪ್ಪಯ್ಯ. ಆ ಲೆಕ್ಕದಲ್ಲಿ ತನ್ನ ಜಾತಿ ಯಾವ ಕಡೆಗಿತ್ತು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ಮಾತು ಆಡಿದ ಮೇಲೆ ಎದ್ದು ಎಲೆಯಡಿಕೆಯ ತಟ್ಟೆ ಹುಡುಕುತ್ತಿದ್ದ.

ಲೆಕ್ಕ ಮನೆ ಬಾಗಿಲಿಗೆ ಬಂದದ್ದು ಡಿಕ್ಲರೇಷನ್ ಕಾಲದಲ್ಲಿ. ದೇವರಾಜ ಅರಸು ಅವರ ಸರ್ಕಾರ ತಂದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿದವು. ಉಳುವವನು ಫಾರಂ ನಂಬರ್ 7 ತುಂಬಿ ಭೂನ್ಯಾಯ ಮಂಡಳಿಗೆ ಕೊಡಬೇಕು, ಅದೇ ಡಿಕ್ಲರೇಷನ್. ಕಡೆಯ ದಿನ ಮುಂದೆ ಹೋಗಿ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ಮಂಡಳಿಗೆ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು. ವಕೀಲರು ಒಳಗೆ ಬರುವಂತಿರಲಿಲ್ಲ. ಆ ನಿರ್ಬಂಧ ಮುಂದೆ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ, ಅದು ಬೇರೆ ಮಾತು. ಆಗ ಮಾತ್ರ ಒಡೆಯನೆದುರು ತಲೆಯೆತ್ತದ ಒಕ್ಕಲು ಕಚೇರಿಯೊಳಗೆ ನಿಂತು ತನ್ನ ಬಾಯಿಂದಲೇ ಹೇಳಬೇಕಿತ್ತು. ಹಾಗೆ ನಿಲ್ಲುವುದಕ್ಕೆ ಮುಂಚೆ ಅವನ ಕೈಯಲ್ಲೊಂದು ಕಾಗದ ಬೇಕಿತ್ತು. ರೆಂಜೆ ಮರದ ಕೆಳಗೆ ಸಾಲು ಹತ್ತಿತು.

ನಮ್ಮದೂ ಒಂದು ಗದ್ದೆ ಗೇಣಿಗಿತ್ತು, ಒಂದು ಎಕರೆ ಚಿಲ್ಲರೆ. ಅದನ್ನು ಮಾಡುತ್ತಿದ್ದವನು ಅಪ್ಪಯ್ಯನಿಗಿಂತ ಹತ್ತು ವರ್ಷ ದೊಡ್ಡವನು. ಒಂದು ಮಧ್ಯಾಹ್ನ ಸಾಲಿನ ಕೊನೆಯಲ್ಲಿ ನಿಂತಿದ್ದ. ಎಲ್ಲರೂ ಹೋದ ಮೇಲೆ ಮೇಜಿನ ಹತ್ತಿರ ಬಂದು, "ಬೇರೆ ಕಡೆ ಬರೆಸಿದ್ರೆ ತಪ್ಪು ಮಾಡ್ತಾರೆ ಒಡೆಯಾ" ಅಂದ. ಅಪ್ಪಯ್ಯ ಪೆನ್ನಿನ ಮುಚ್ಚಳ ತೆಗೆದ. ಸರ್ವೆ ನಂಬರು ಕೇಳಲಿಲ್ಲ, ಗೊತ್ತಿತ್ತು. ಭೂಮಾಲೀಕನ ಹೆಸರಿನ ಕಲಮಿನಲ್ಲಿ ತನ್ನ ಹೆಸರನ್ನು ತಂದೆಯ ಹೆಸರು ಸಹಿತ ತುಂಬಿದ. ಎಷ್ಟು ವರ್ಷದಿಂದ ಸಾಗುವಳಿ ಎಂಬಲ್ಲಿ ಒಕ್ಕಲು ಹದಿನೈದು ಅಂದ. "ಹದಿನೆಂಟು" ಎಂದು ತಿದ್ದಿದವನು ಅಪ್ಪಯ್ಯ.

ಇಲ್ಲಿಗೆ ನಿಲ್ಲಿಸಿದರೆ ಅಪ್ಪಯ್ಯ ದೊಡ್ಡ ಮನುಷ್ಯನಾಗಿಬಿಡುತ್ತಾನೆ. ಆದರೆ ಅವನು ಮನೆಗೆ ಬಂದು ಅದೇ ರಾತ್ರಿ ಲಾಂದ್ರದ ಬೆಳಕಿನಲ್ಲಿ ಆ ಡಿಕ್ಲರೇಷನ್ನಿಗೆ ತಕರಾರು ಅರ್ಜಿಯನ್ನೂ ಬರೆದ. ಗದ್ದೆ ತನ್ನ ಸ್ವಂತ ಸಾಗುವಳಿಯದ್ದು, ಸದರಿ ಇಸಮು ಕೂಲಿಗೆ ಬರುತ್ತಿದ್ದವನು ಎಂದು. ಅಮ್ಮ ತಲೆ ಚಚ್ಚಿಕೊಂಡಳು. ಒಂದು ಕಾಗದದಲ್ಲಿ ಹದಿನೆಂಟು ವರ್ಷ, ಇನ್ನೊಂದರಲ್ಲಿ ಕೂಲಿ. ಮಂಡಳಿಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ ಅಧ್ಯಕ್ಷರು, "ಎರಡೂ ನಿಮ್ಮ ಅಕ್ಷರವೇ ಏನ್ರೀ?" ಎಂದರಂತೆ. "ಹೌದು ಸ್ವಾಮಿ. ಬರೆಯೋದು ನನ್ನ ಕಸುಬು" ಎಂದನಂತೆ ಇವನು. ಗದ್ದೆ ಒಕ್ಕಲಿಗೆ ಹೋಯಿತು. ಎರಡು ವರ್ಷ ಅಪ್ಪಯ್ಯ ಅವನ ಜೊತೆ ಮಾತು ಬಿಟ್ಟಿದ್ದ. ಮೂರನೆಯ ವರ್ಷ ಪಹಣಿಯಲ್ಲಿ ಹೆಸರು ತಪ್ಪಾಗಿದೆ ಎಂದು ಅವನು ಮತ್ತೆ ಮರದ ಕೆಳಗೆ ಬಂದಾಗ ಬರೆದುಕೊಟ್ಟ, ದುಡ್ಡು ತಗೊಂಡ. ಮುದುಕನಾದ ಮೇಲೆ ಒಮ್ಮೆ ನನ್ನ ಹತ್ತಿರ ಹೇಳಿದ: "ಎರಡರಲ್ಲಿ ಡಿಕ್ಲರೇಷನ್ನೇ ಚೆನ್ನಾಗಿತ್ತು. ಅದರಲ್ಲಿ ಸುಳ್ಳಿರಲಿಲ್ಲವಲ್ಲ, ಕೈ ಸರಾಗ ಓಡಿತ್ತು." ಟ್ರಂಕಿನಲ್ಲಿ ಆ ಎರಡೂ ಮೂರನೆಯ ಪ್ರತಿಗಳು ಒಂದೇ ಗುಂಡುಸೂಜಿಗೆ ಚುಚ್ಚಿಕೊಂಡಿವೆ. ಸೂಜಿ ತುಕ್ಕು ಹಿಡಿದಿದೆ.

ನಾನು ಓದು ಮುಗಿಸಿ ಬೇರೆ ಜಿಲ್ಲೆಯ ಒಂದು ಸರ್ಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಗುಮಾಸ್ತನಾದೆ. ಮೊದಲ ಕೆಲಸವೇ ಟಪಾಲು ಶಾಖೆ. ಮರದ ಕೆಳಗೆ ಹೊರಟ ಕಾಗದ ಕಚೇರಿಯೊಳಗೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಆಗ ಕಂಡೆ. ವಹಿಯಲ್ಲಿ ನಂಬರು ಬೀಳುತ್ತದೆ. ಸಾಹೇಬರ ಮೇಜಿನಲ್ಲಿ ಅಂಚಿಗೆ ಒಂದು ಷರಾ ಬೀಳುತ್ತದೆ, 'ಪರಿಶೀಲಿಸಿ ಮಂಡಿಸಿ' ಎಂದು. ಕೇಸ್ ವರ್ಕರ್ ಹತ್ತಿರ ಬಂದು ಕಡತ ಸೇರುತ್ತದೆ. ಕಡತ ಕಟ್ಟಾಗುತ್ತದೆ. ಯಾರೂ ಬೇಕೆಂದು ಕೆಟ್ಟದ್ದು ಮಾಡುವುದಿಲ್ಲ. ಕಾಗದ ತನ್ನಷ್ಟಕ್ಕೆ ಕೆಳಕ್ಕಿಳಿಯುತ್ತದೆ, ಮೇಲೆ ಹೊಸದು ಬೀಳುತ್ತದೆ. ಅಪ್ಪಯ್ಯ ಒಮ್ಮೆ ನನ್ನ ಕಚೇರಿ ನೋಡಲು ಬಂದ. ಗೋಡೆ, ಫ್ಯಾನು, ಬೀರು ಎಲ್ಲ ನೋಡಿ, "ದಿನಕ್ಕೆ ಎಷ್ಟು ಹಿಂಬರಹ ಕೊಡ್ತೀರಿ?" ಎಂದು ಕೇಳಿದ. ಎಷ್ಟು ಅರ್ಜಿ ಬರುತ್ತವೆ ಎಂದು ಕೇಳಿದ್ದರೆ ಹೇಳಬಹುದಿತ್ತು.

ಆ ಕುರ್ಚಿಯಲ್ಲಿ ನಾನು ಮಾಡಿದ ಒಂದು ಕೆಲಸವಿದೆ, ಹೇಳಿಬಿಡುತ್ತೇನೆ. ಒಂದು ದಿನ ಊಟದ ಹೊತ್ತಿಗೆ ವಯಸ್ಸಾದವರೊಬ್ಬರು ಎರಡು ಪ್ರತಿ ತಂದರು. ಒಂದನ್ನು ತೆಗೆದುಕೊಂಡೆ. ಇನ್ನೊಂದನ್ನು ಮುಂದೆ ಹಿಡಿದು, "ಇದಕ್ಕೊಂದು ಸೀಲು" ಎಂದರು. ಸೀಲು ಮೇಜಿನ ಮೇಲೆ ನನ್ನ ಕೈಗೆ ಎಟುಕುವಂತೆಯೇ ಇತ್ತು. "ಇಟ್ಟು ಹೋಗಿ, ನೋಡ್ತೀವಿ" ಎಂದೆ. ಅವರು ಸ್ವಲ್ಪ ಹೊತ್ತು ನಿಂತು, ಸೀಲಿಲ್ಲದ ಪ್ರತಿಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು ಹೋದರು. ನನಗೆ ಹಸಿವಾಗಿತ್ತು, ಅಷ್ಟೇ ಕಾರಣ. ಸೀಲು ಬೀಳದ ಅರ್ಜಿ ಮನಸ್ಸಿನಲ್ಲೇ ಅಂದುಕೊಂಡ ಹರಕೆಯ ಹಾಗೆ, ಅದಕ್ಕೆ ಸಾಕ್ಷಿಯಿಲ್ಲ ಎಂದು ಮರದ ಕೆಳಗೆ ಕಲಿತವನು ನಾನು.

ಸಂವಿಧಾನದ 350ನೇ ವಿಧಿ ಓದಿದ್ದು ಇಲಾಖಾ ಪರೀಕ್ಷೆಗೆ ಕೂತಾಗ. ಕುಂದುಕೊರತೆಯ ಪರಿಹಾರಕ್ಕಾಗಿ ಯಾವ ಅಧಿಕಾರಿಗೇ ಆಗಲಿ, ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಕೊಡುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ಅಂದರೆ ಕೇಂದ್ರ ಸರ್ಕಾರದ ಕಚೇರಿಗೂ ಕನ್ನಡದಲ್ಲೇ ಬರೆದು ಕೊಡಬಹುದು. ಆಮೇಲೆ 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. 2012ರ ಏಪ್ರಿಲ್‌ನಲ್ಲಿ ರಾಜ್ಯದಲ್ಲಿ ಸಕಾಲ ಬಂತು. ಅರ್ಜಿ ಕೊಟ್ಟ ಕೂಡಲೇ ಹದಿನೈದು ಅಂಕಿಯ ನಂಬರು, ಕೆಲಸಕ್ಕೆ ಇಷ್ಟು ದಿನ ಎಂಬ ಗಡುವು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಅರ್ಜಿದಾರನಿಗೆ ಪರಿಹಾರ. ಈ ಕಾಯ್ದೆಗಳನ್ನು ಓದುವಾಗ ನನಗೆ ಕೇಳಿಸಿದ್ದು ಅಪ್ಪಯ್ಯನ ದನಿ. ಅರ್ಜಿ ಕೊಟ್ಟು ಬಂದವರು "ಉತ್ತರ ಬರ್ತದಾ?" ಎಂದು ಕೇಳಿದರೆ ಅವನು ಹೇಳುತ್ತಿದ್ದ ಮಾತು ಒಂದೇ: "ಉತ್ತರ ಅವರ ಕೈಲಿದೆ. ತಾರೀಖು ನಮ್ಮ ಕೈಲಿದೆ."

ಈ ಮಾತಿನ ಪೂರ್ತಿ ಅರ್ಥ ನನಗಾದದ್ದು ನಿವೃತ್ತಿಯ ಮೇಲೆ, ಅಪ್ಪಯ್ಯ ಹೋಗಿ ಬಹಳ ಕಾಲವಾದ ಮೇಲೆ. ಎರಡು ಮಳೆಗಾಲದ ಹಿಂದೆ ಮೂವತ್ತರ ಆಸುಪಾಸಿನ ಹುಡುಗನೊಬ್ಬ ಬೈಕಿನಲ್ಲಿ ಬಂದು ಅಂಗಳದಲ್ಲಿ ನಿಂತ. "ಸಾರ್, ಇದು ಶಾನುಭೋಗರ ಮನೆಯಾ? ನಮ್ಮಜ್ಜನ ಅರ್ಜಿ ನಿಮ್ಮಲ್ಲಿ ಇರಬಹುದು ಅಂತ ಅಪ್ಪ ಹೇಳ್ತಿದ್ರು" ಎಂದ.

ಮುಳುಗಡೆಯವರು. ನಮ್ಮ ಸೀಮೆಯಲ್ಲಿ ಇಷ್ಟು ಹೇಳಿದರೆ ಸಾಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನಿಂತಾಗ ಊರೂರುಗಳೇ ಎದ್ದವು. ಅದಕ್ಕೂ ಹಿಂದೆ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೇ ಆ ನೀರಿನಡಿ ಹೋಯಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಈಗಲೂ ಮಡೆನೂರಿನ ಕಡೆ ಅದು ಎದ್ದು ಕಾಣುತ್ತದೆ. ರಾಜ್ಯಕ್ಕೆ ಕರೆಂಟು ಕೊಟ್ಟವರು ಪಾತ್ರೆ ಪಗಡಿ ಹೇರಿಕೊಂಡು ಬಂದು ಕಾಡಂಚಿನಲ್ಲಿ ಗುಡಿಸಲು ಹಾಕಿದರು. ಕೊಟ್ಟ ಜಾಗ ಕಾಗದದಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದನ್ನು ಬಿಡಿಸುವುದಕ್ಕೆ ಕೇಂದ್ರದ ಒಪ್ಪಿಗೆ ಬೇಕಾಯಿತು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಕೇಳೋಣವೆಂದರೆ, ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ 75 ವರ್ಷದ ವಾಸ ತೋರಿಸಬೇಕು. ಅಂದರೆ 1930ರಿಂದ. 1930ರಲ್ಲಿ ಈ ಹುಡುಗನ ಮುತ್ತಜ್ಜ ಇದ್ದ ಊರು ನೀರಿನಡಿ ಇದೆ. ಅಲ್ಲಿಗೆ ಯಾವ ಕಾಯ್ದೆಯೂ ಮಹಜರಿಗೆ ಹೋಗುವುದಿಲ್ಲ.

ಈಗ ಮತ್ತೊಮ್ಮೆ ಸರ್ವೆ ಬಂದಿದೆಯಂತೆ, ಮುಳುಗಡೆಯವರೇ ಎಂಬುದಕ್ಕೆ ಹಳೆಯ ದಾಖಲೆ ಕೇಳುತ್ತಿದ್ದಾರಂತೆ. ಅಜ್ಜನ ಹತ್ತಿರವಿದ್ದ ಸೀಲಿನ ಪ್ರತಿಯನ್ನು ಗೆದ್ದಲು ತಿಂದಿತ್ತು.

ಇಬ್ಬರೂ ಅಟ್ಟ ಹತ್ತಿದೆವು. ಅಪ್ಪಯ್ಯನ ಕಟ್ಟುಗಳು ಇಸವಿಯ ಪ್ರಕಾರ ಇದ್ದವು. 1967ರ ಕಟ್ಟಿನಲ್ಲಿ ಸಿಕ್ಕಿತು. ಹದಿಮೂರು ಸಾಲು. ಮುಳುಗಿದ ಊರಿನ ಹೆಸರು, ಅಲ್ಲಿನ ಸರ್ವೆ ನಂಬರು, ಎಕರೆ ಗುಂಟೆ, ಈಗ ಕೂತ ಜಾಗದ ಚಕ್ಕುಬಂದಿ. ಕೊನೆಯಲ್ಲಿ ಬರೆದವನ ಬಿಕ್ಕಲಂ ರುಜು. ಹುಡುಗ ಆ ಊರಿನ ಹೆಸರನ್ನು ಎರಡು ಸಲ ಓದಿದ. ಅವನ ಮನೆಯಲ್ಲಿ ಎಲ್ಲರೂ ಹೇಳುವ ಊರು ಅದು. ಬರೆದದ್ದನ್ನು ಅವನು ನೋಡಿದ್ದು ಅದೇ ಮೊದಲು.

ಆದರೆ ಮೂರನೆಯ ಪ್ರತಿಯಲ್ಲಿ ಸೀಲು ಇರುವುದಿಲ್ಲ. ಸೀಲು ಎರಡನೆಯದಕ್ಕೆ ಬೀಳುವುದು. ಹುಡುಗನ ಮುಖ ಇಳಿಯಿತು. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಮೂಲೆಯಲ್ಲಿ ಕೆಂಪು ಪೆನ್ಸಿಲಿನ ಗೀಟು ಕಂಡಿತು. ಅರ್ಜಿದಾರ ಸೀಲು ಹಾಕಿಸಿಕೊಂಡು ಹೊರಗೆ ಬಂದ ಮೇಲೆ, ಅಪ್ಪಯ್ಯ ಅದನ್ನು ನೋಡಿ ತನ್ನ ಪ್ರತಿಗೆ ಇಳಿಸಿಕೊಂಡ ಟಪಾಲು ನಂಬರು ಮತ್ತು ತಾರೀಖು.

ನಂಬರು ಹಿಡಿದು ಮಾಹಿತಿ ಹಕ್ಕಿನಲ್ಲಿ ಕೇಳಿದೆವು: ಈ ತಾರೀಖಿನ ಒಳಬಂದ ಪತ್ರಗಳ ವಹಿಯ ಆ ಪುಟದ ದೃಢೀಕೃತ ನಕಲು ಬೇಕು. ಒಂದು ಅರ್ಜಿಗೆ ಒಂದೇ ಕೋರಿಕೆ. ಇಪ್ಪತ್ತಾರನೆಯ ದಿನ ಹಿಂಬರಹ ಬಂತು. ಸದರಿ ವಹಿಯು ಅಭಿಲೇಖಾಲಯದಲ್ಲಿ ಲಭ್ಯವಿರುವುದಿಲ್ಲ. ಹುಡುಗ ಕಾಗದವನ್ನು ಮೇಜಿನ ಮೇಲೆ ಕುಕ್ಕಿ, "ಇಷ್ಟೇ ಸಾರ್ ಇವರದ್ದು. ಅರವತ್ತು ವರ್ಷ ಅರ್ಜಿ ಬರೆದು ಏನು ಸಿಕ್ತು?" ಎಂದ. ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ಅವನಿಗೆ ಹೇಳಲು ನನ್ನಲ್ಲಿ ಸಮಾಧಾನವಿರಲಿಲ್ಲ. ಆ ವಹಿಯಂಥದೇ ವಹಿಯಲ್ಲಿ ನಂಬರು ಬರೆದವನು ನಾನು, ಸೀಲು ಎಟುಕಿದರೂ ಒತ್ತದವನು.

"ಇದರಲ್ಲಿ ಲಭ್ಯವಿಲ್ಲ ಅಂತ ಇದೆ, ನಿಮ್ಮಜ್ಜ ಕೊಟ್ಟಿರಲಿಲ್ಲ ಅಂತ ಇಲ್ಲ" ಎಂದೆ. "ವಹಿ ಕಾಯಬೇಕಾದವರು ಅವರು. ಕಳೆದದ್ದು ಅವರ ಕಡೆಯಿಂದ ಅಂತ ಅವರೇ ರುಜು ಹಾಕಿ ಕೊಟ್ಟ ಹಾಗಾಯ್ತು. ಮೇಲ್ಮನವಿಗೆ ಮೂವತ್ತು ದಿನ ಇದೆ."

ಅವತ್ತೇ ಬರೆಯಲು ಕೂತೆವು. ನಾನು ಕಂಪ್ಯೂಟರಿನಲ್ಲಿ ಟೈಪು ಮಾಡುತ್ತಿದ್ದೆ, ಅವನು ಪಕ್ಕದಲ್ಲಿ ನಿಂತು ಓದುತ್ತಿದ್ದ. ಕೊನೆಯ ಸಾಲಿಗೆ ಬಂದಾಗ, "ಬೇಡಿಕೊಳ್ಳುತ್ತೇನೆ ಅಂತ ಹಾಕಿ ಸಾರ್, ಸ್ವಲ್ಪ ಮೆತ್ತಗಿರಲಿ" ಎಂದ. ಇಷ್ಟು ಹೊತ್ತು ಸಿಟ್ಟಿನಲ್ಲಿದ್ದವನು. ಒಂದು ಕ್ಷಣ ಬೆರಳು ನಿಂತಿತು. ಅಜ್ಜನ 1967ರ ಹಾಳೆಯಲ್ಲಿ ಇದ್ದದ್ದೂ ಅದೇ ಪದ. ನಾನು "ಕೋರುತ್ತೇನೆ" ಎಂದೇ ಹೊಡೆದೆ. ಅವನು ಏನೂ ಅನ್ನಲಿಲ್ಲ.

ಮರುದಿನ ಸೀಲು ಹಾಕಿಸಿಕೊಂಡು ಬಂದ. ಗಾಡಿ ನಿಲ್ಲಿಸಿ, ಜರ್ಕಿನ್ನಿನ ಒಳಗಿಂದ ಪ್ಲಾಸ್ಟಿಕ್ ಕವರು ತೆಗೆದು ತೋರಿಸಿದ. ಸೀಲು ಓರೆಯಾಗಿ ಬಿದ್ದಿತ್ತು, ತಾರೀಖು ಮಾತ್ರ ಸರಿಯಾಗಿ ಮೂಡಿತ್ತು. "ಫೋಟೋ ತೆಗೆದಿದ್ದೀನಿ ಸಾರ್, ಫೋನಿನಲ್ಲಿ ಇದೆ. ನಿಮಗೆ ಇನ್ನೊಂದು ಪ್ರತಿ ಯಾಕೆ?" ಎಂದ, ನಾನು ಮೂರನೆಯ ಹಾಳೆ ತೆಗೆಯುವುದನ್ನು ನೋಡಿ. ಉತ್ತರ ಹೇಳಲಿಲ್ಲ. ಅವನ ಪ್ರತಿಯ ನಂಬರು, ತಾರೀಖು ನೋಡಿ ನನ್ನದರ ಮೂಲೆಗೆ ಇಳಿಸಿಕೊಂಡೆ. ಮನೆಯಲ್ಲಿ ಕೆಂಪು ಪೆನ್ಸಿಲು ಇರಲಿಲ್ಲ, ಬಾಲ್ ಪೆನ್ನಿನಲ್ಲೇ ಬರೆದೆ. ಸಂಜೆ ಅಟ್ಟ ಹತ್ತಿ, 1991ರ ಕೊನೆಯ ಕಟ್ಟಿನ ಮೇಲೆ ಅದನ್ನಿಟ್ಟು ಟ್ರಂಕ್ ಮುಚ್ಚಿದೆ.